ಸೊರಬಕ್ಕೆ ಸಾಕೆಂದ ಲೈಟು

ಚೀಟಿಯಲ್ಲಿದ್ದದ್ದು ಒಂದೇ ಸಾಲು: ಮೇಲಿನ ಮುಂದಿನ ಆರು ಹಲ್ಲು ಕೀಳುವುದು, ಗಾಯ ಮಾಗಿದ ಮೇಲೆ ಬ್ರಿಡ್ಜ್. ಕೆಳಗೆ ನಮ್ಮ ಹಿರಿಯ ಡಾಕ್ಟರ ಸಹಿ. ಸಹಿ ಹಿಡಿದಷ್ಟು ಜಾಗವನ್ನು ಸಾಲು ಹಿಡಿದಿರಲಿಲ್ಲ.

ಹಿರಿಯ ಡಾಕ್ಟರದು ಶಿಕಾರಿಪುರದಲ್ಲಿ ದೊಡ್ಡ ದಂತ ಚಿಕಿತ್ಸಾಲಯ. ಗಾಜಿನ ಬಾಗಿಲು, ಎಸಿ, ಗೋಡೆಯ ತುಂಬ ನಗುವ ಬಾಯಿಗಳ ಫೋಟೊ. ಆ ಬಾಯಿಗಳಲ್ಲಿ ಒಂದೂ ನಮ್ಮ ತಾಲ್ಲೂಕಿನದಲ್ಲ. ಸಾಮಾನು ಮಾರುವ ಕಂಪನಿಯವರು ಬಿಟ್ಟು ಹೋದ ಪೋಸ್ಟರುಗಳಿಗೆ ಕಟ್ಟು ಹಾಕಿಸಿದ್ದರು. ನಾನು ಅವರ ಕೈಕೆಳಗಿನ ಡಾಕ್ಟರು. ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಅವರ ಸೊರಬದ ಶಾಖೆ ನನ್ನ ಪಾಲು. ಶಾಖೆ ಎಂದರೆ ಒಂದು ಕೋಣೆ, ಒಂದು ಕುರ್ಚಿ, ಒಬ್ಬಳು ನಡುವಯಸ್ಸಿನ ಸಹಾಯಕಿ. ಶಿಕಾರಿಪುರದಲ್ಲಿ ಹಳತಾದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಕೀಳುವ ಕೆಲಸವೂ ಹಾಗೆಯೇ ಬರುತ್ತಿತ್ತು. ನಾನು ಕೀಳಬೇಕು, ಎರಡು ತಿಂಗಳ ನಂತರ ಅವರು ಬ್ರಿಡ್ಜ್ ಕೂರಿಸಬೇಕು. ಕಿತ್ತ ಆರು ಹಲ್ಲಿನ ಜಾಗ ತುಂಬಲು ಆಚೀಚೆಯ ನಾಲ್ಕು ಗಟ್ಟಿ ಹಲ್ಲನ್ನು ಅರೆದು ಗೂಟ ಮಾಡಬೇಕಲ್ಲ, ಆ ಕಲೆಗೆ ಅವರು 'ಸ್ಮೈಲ್ ಡಿಸೈನ್' ಎಂದು ಹೆಸರಿಟ್ಟಿದ್ದರು.

ಚೀಟಿ ಹಿಡಿದು ಬಂದವಳು ಕ್ಯಾಸನೂರಿನ ಕಡೆಯ ಆಶಾ ಕಾರ್ಯಕರ್ತೆ. ವಯಸ್ಸು ಮೂವತ್ತರ ಒಳಗೇ. ಹಿಂದಿನ ವಾರ ನೆಂಟರ ಮನೆಗೆಂದು ಶಿಕಾರಿಪುರಕ್ಕೆ ಹೋದಾಗ ಹಿರಿಯ ಡಾಕ್ಟರಿಗೆ ತೋರಿಸಿದ್ದಳಂತೆ. ಎಷ್ಟು ಹೊತ್ತು ನೋಡಿದರು ಎಂದು ಕೇಳಿದೆ.

"ಕೂತೆ, ಬಾಯಿ ತೆಗೆದೆ, ಎದ್ದೆ," ಅಂದಳು. ಮಾತಾಡುವಾಗ ಸೆರಗು ತುಟಿಯ ಮೇಲೇ ಇತ್ತು.

ನಾನು ಹೆಚ್ಚು ಹೊತ್ತು ನೋಡಿದೆ, ಆದರೆ ಹೆಚ್ಚು ಒಳ್ಳೆಯ ಮನಸ್ಸಿನಿಂದ ನೋಡಿದೆ ಎನ್ನಲಾರೆ. ಆರೂ ಹಲ್ಲಿನ ಸಂದಿಗಳಲ್ಲಿ ಕಂದು ಬಣ್ಣದ ಗುಳಿ, ಒಸಡಿನ ಅಂಚಿಗೆ ಅರ್ಧಚಂದ್ರದಂತೆ ಕೊರೆದ ಹುಳುಕು, ನಡುವಿನ ಎರಡು ಹಲ್ಲಿನ ತುದಿ ಮುರಿದು ಹೋಗಿತ್ತು. ಊರೂರು ತಿರುಗಿ ಆರೋಗ್ಯ ಹೇಳುವವಳ ಬಾಯಿ ಇದು ಎಂದು ಮನಸ್ಸಿನಲ್ಲೇ ಮೂಗು ಮುರಿದೆ. ಆ ತಾತ್ಸಾರ ದನಿಯಲ್ಲೂ ಇಣುಕಿರಬೇಕು.

"ಸಿಹಿ ತುಂಬಾ ತಿಂತೀರಾ?"

"ತಿನ್ನದಿಲ್ಲ ಮೇಡಂ. ಕುಡೀತೀನಿ," ಅಂದಳು. "ದಿನಕ್ಕೆ ಇಪ್ಪತ್ತು ಮನೆ ಆಗ್ತದೆ. ಎಲ್ಲಾ ಮನೇಲೂ ಚಾ. ಬೇಡ ಅಂದ್ರೆ ಬೇಜಾರ್ ಮಾಡ್ಕತಾರೆ. ಚಾ ಕುಡೀತಾ ಕೂತ್ರೆ ಮಾತ್ರ ನಾ ಹೇಳಿದ್ದು ಕೇಳ್ತಾರೆ."

ಇಪ್ಪತ್ತು ಲೋಟ ಸಕ್ಕರೆ ನೀರು, ಬೆಳಗಿಂದ ಸಂಜೆವರೆಗೆ ಗುಟುಕು ಗುಟುಕಾಗಿ. ಹಲ್ಲನ್ನು ಕರಗಿಸಲು ಇದಕ್ಕಿಂತ ಚೊಕ್ಕ ವಿಧಾನವನ್ನು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲೂ ಯಾರೂ ಹುಡುಕಿರಲಿಲ್ಲ. ಅವಳ ಹಲ್ಲನ್ನು ತಿಂದದ್ದು ಅವಳ ಕೆಲಸವೇ.

ಆಗ ಮಂಗನ ಕಾಯಿಲೆಯ ಕಾಲ ಶುರುವಾಗುವುದರಲ್ಲಿತ್ತು. ಕಾಡಂಚಿನ ಮನೆಗಳಿಗೆ ಹೋಗಿ, ದರಗೆಲೆ, ಸೌದೆಗೆಂದು ಕಾಡಿಗೆ ಹೋಗುವವರಿಗೆ ಆ ಜ್ವರ ಹರಡುವ ಉಣುಗು ಹುಳ ಮೈಗೆ ಹತ್ತದ ಹಾಗೆ ಹಚ್ಚುವ ಎಣ್ಣೆ ಕೊಟ್ಟು, ಹೇಗೆ ಹಚ್ಚಬೇಕು, ಬಂದ ಮೇಲೆ ಏನು ಮಾಡಬೇಕು ಎಂದು ಅವಳು ಹೇಳಬೇಕು. ಮರುದಿನದಿಂದಲೇ ಸುತ್ತಾಟ. ಸಿಕ್ಕಿದ್ದು ಈ ಒಂದು ದಿನದ ರಜೆ.

"ಹಲ್ಲು ಕಿತ್ರೆ ಎರಡು ತಿಂಗಳು ಬೋಳು ಬಾಯಲ್ಲೇ ತಿರುಗ್ಬೇಕಾ ಮೇಡಂ?" ಎಂದು ಕೇಳಿದಳು. "ಈಗ್ಲೇ ಸೆರಗು ಹಿಡ್ಕಂಡು ಮಾತಾಡ್ತೀನಲ್ಲ, ಅರ್ಧ ಜನಕ್ಕೆ ಕೇಳದಿಲ್ಲ, ಇನ್ನರ್ಧ ಜನ ಸುಳ್ಳು ಹೇಳ್ತಿದಾಳೆ ಅಂದ್ಕತಾರೆ. ಹೋದ ವರ್ಷ ಒಬ್ಬಳಿಗೆ ಎಣ್ಣೆ ಕೊಟ್ಟು ಬಂದಿದ್ದೆ. ಜ್ವರ ಬಂದ್ ಮೇಲೆ ಹಚ್ಚೋದು ಅಂತ ತಿಳ್ಕಂಡು ಇಟ್ಕಂಡಿದ್ಲು. ಹದಿನೈದು ದಿನ ಆಸ್ಪತ್ರೇಲಿದ್ಲು ಅವಳು."

ನಾನು ಎಕ್ಸ್‌ರೇ ತೆಗೆದೆ. ಆರೂ ಬೇರುಗಳ ತುದಿ ಸ್ವಚ್ಛವಾಗಿತ್ತು. ಹತ್ತಿಯುಂಡೆಗೆ ತಣ್ಣನೆಯ ಸ್ಪ್ರೇ ಹೊಡೆದು ಒಂದೊಂದೇ ಹಲ್ಲಿಗೆ ಮುಟ್ಟಿಸಿದೆ. ಐದು ಹಲ್ಲು ಚುರುಕ್ ಎಂದು ಕೂಡಲೇ ಸುಮ್ಮನಾದವು. ಎಡಗಡೆಯ ಎರಡನೇ ಹಲ್ಲು ಮಾತ್ರ ಒಂದಷ್ಟು ಹೊತ್ತು ನೋಯುತ್ತಲೇ ಇತ್ತು. ಅದೂ ಬದುಕಿತ್ತು, ಆದರೆ ಸುಸ್ತಾಗಿತ್ತು. ಅಂದರೆ ಹಿರಿಯ ಡಾಕ್ಟರು ಕೀಳು ಎಂದು ಬರೆದದ್ದು ಆರು ಜೀವಂತ ಹಲ್ಲುಗಳನ್ನು. ಸ್ಪ್ರೇ ಡಬ್ಬಿ ಅವರ ಮೇಜಿನ ಮೇಲೂ ಇತ್ತು. ಕೈ ಚಾಚಬೇಕಿತ್ತು, ಅಷ್ಟೆ.

"ಕೀಳೋದು ಬೇಡ," ಅಂದೆ. "ಹುಳುಕು ತೆಗೆದು, ಹಲ್ಲಿನ ಬಣ್ಣದ್ದೇ ಕಾಂಪೋಸಿಟ್ ಅಂತ ಬರ್ತದೆ, ಅದರಲ್ಲಿ ಕಟ್ತೀನಿ. ಇವತ್ತೇ ಮುಗಿಸ್ತೀನಿ. ಆದ್ರೆ ಸಂಜೆವರೆಗೆ ಕೂರ್ಬೇಕಾಗ್ತದೆ."

"ಐದು ಗಂಟೆ ಬಸ್ಸಿಗೆ ಬಿಡ್ರಿ, ಸಾಕು."

ಹತ್ತು ಗಂಟೆಗೆ ಇಂಜೆಕ್ಷನ್ ಕೊಟ್ಟೆ. ತೆಳ್ಳಗಿನ ರಬ್ಬರ್ ಹಾಳೆಗೆ ಸಾಲಾಗಿ ತೂತು ಮಾಡಿ, ಹಲ್ಲುಗಳಷ್ಟೇ ಮೇಲೆ ಬರುವಂತೆ ಬಾಯಿಗೆ ಹೊದಿಸಿದೆ. ಎಂಜಲು ಸೋಕಿದರೆ ಕಾಂಪೋಸಿಟ್ ಅಂಟುವುದಿಲ್ಲ. ಶಿಕಾರಿಪುರದಲ್ಲಿ ಈ ಹಾಳೆಯ ಡಬ್ಬಿಯನ್ನು ಯಾರೂ ಒಡೆದೇ ಇರಲಿಲ್ಲ. ಅದು ಕಾಲೇಜಿನವರ ಆಟ ಎನ್ನುತ್ತಿದ್ದರು ಹಿರಿಯ ಡಾಕ್ಟರು.

ಹುಳುಕು ತೆಗೆಯುವುದೂ ಒಂದು ಲೆಕ್ಕಾಚಾರ. ಅಂಚಿನಲ್ಲಿ ಸುತ್ತಲೂ ಗಟ್ಟಿ ಹಲ್ಲು ಸಿಗುವವರೆಗೆ ಕೆರೆಯಬೇಕು, ಏಕೆಂದರೆ ಅಂಟು ಹಿಡಿಯುವುದು ಅಲ್ಲಿ. ನಡುವಿನ ಆಳದಲ್ಲಿ ಹಾಗೆ ಮಾಡಿದರೆ ನರದ ಕೋಣೆಗೇ ತೂತು ಬೀಳುತ್ತದೆ. ಐದು ಹಲ್ಲಿನಲ್ಲಿ ತೊಂದರೆಯಾಗಲಿಲ್ಲ. ಎಡಗಡೆಯ ಆ ಸುಸ್ತಾದ ಹಲ್ಲಿನಲ್ಲಿ ಡ್ರಿಲ್ ಬದಿಗಿಟ್ಟು, ಪುಟ್ಟ ಚಮಚದಂಥ ಉಪಕರಣದಿಂದ ಕೈಯಲ್ಲೇ ಕೆರೆದೆ. ಒದ್ದೆ ಮಣ್ಣಿನಂಥ ಪದರ ಎದ್ದು ಬಂತು. ಅದರ ಕೆಳಗೆ ಚಕ್ಕಳದಂಥ ಕಂದು ಪದರ. ಅದನ್ನು ಎಬ್ಬಿಸಿದರೆ ಕೆಳಗೆ ರಕ್ತವೇ. ನನಗೆ ಪಾಠ ಹೇಳಿದವರು ಕಪ್ಪೆಲ್ಲ ಹೋಗುವವರೆಗೆ ಬಿಡಬೇಡಿ ಎನ್ನುತ್ತಿದ್ದರು. ಈಗಿನ ತಿಳಿವಳಿಕೆ ಬೇರೆ. ಆ ಪದರವನ್ನು ಅಲ್ಲೇ ಬಿಟ್ಟು, ಮೇಲೆ ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಒಳಗಿನ ಹುಳುಕು ಉಪವಾಸ ಬೀಳುತ್ತದೆ. ನಾನು ಕೈ ತಡೆದೆ. ಮುಚ್ಚುವುದು ಸರಿಯಾಗಿ ಆದರೆ ಮಾತ್ರ ಇದು ಚಿಕಿತ್ಸೆ, ಇಲ್ಲದಿದ್ದರೆ ಬೇಜವಾಬ್ದಾರಿ. ಅದೂ ಗೊತ್ತಿತ್ತು.

ಬಲಗಡೆಯ ನಡುಹಲ್ಲಿನಿಂದ ಕಟ್ಟಲು ಶುರು ಮಾಡಿದೆ. ಜೆಲ್ ಹಚ್ಚಿ ತೊಳೆದೆ, ಅಂಟು ಸವರಿದೆ, ಅದನ್ನು ಗಟ್ಟಿ ಮಾಡುವ ನೀಲಿ ಲೈಟು ಹಿಡಿದೆ. ಹಿಂದಿನ ಗೋಡೆ, ಮೇಲೆ ಹಲ್ಲಿನ ಒಳಬಣ್ಣ, ಅದರ ಮೇಲೆ ಹೊರಬಣ್ಣ. ಪ್ರತಿ ಪದರಕ್ಕೂ ಇಪ್ಪತ್ತು ಸೆಕೆಂಡು ಬೆಳಕು. ಮುಕ್ಕಾಲು ಗಂಟೆಯಲ್ಲಿ ಮುರಿದ ಹಲ್ಲು ಇಡಿಯಾಯಿತು. ಸಹಾಯಕಿ ಬಗ್ಗಿ ನೋಡಿ, "ಚಂದ ಬಂತು ಮೇಡಂ," ಅಂದಳು. ಆಕಾರ ತಿದ್ದಲು ಉಜ್ಜುವ ಡಿಸ್ಕ್ ತಾಗಿಸಿದೆ. ಇಡೀ ತುಂಡು ಎದ್ದು ರಬ್ಬರ್ ಹಾಳೆಯ ಮೇಲೆ ಬಿತ್ತು.

ಎಂಜಲು ಸೋರಿರಬೇಕು ಎಂದುಕೊಂಡೆ. ಒಸಡಿನ ಅಂಚಿನಲ್ಲಿ ತುಸು ರಕ್ತವಿತ್ತು. ಅದನ್ನು ನಿಲ್ಲಿಸುವ ಔಷಧಿಯ ದಾರ ಇಟ್ಟು, ಹಾಳೆ ಬಿಗಿದು, ಮೊದಲಿನಿಂದ ಎಲ್ಲವನ್ನೂ ಮಾಡಿದೆ. ಮತ್ತೆ ಮುಕ್ಕಾಲು ಗಂಟೆ. ಈ ಸಲ ಡಿಸ್ಕ್ ಕೂಡ ಬೇಕಾಗಲಿಲ್ಲ. ಪಕ್ಕದ ಹಲ್ಲಿಗೆ ಅಂಟದಂತೆ ಸಂದಿಯಲ್ಲಿಟ್ಟಿದ್ದ ಪಾರದರ್ಶಕ ಪಟ್ಟಿಯನ್ನು ಎಳೆದೆ, ಅದರ ಜೊತೆಗೇ ಕಟ್ಟಿದ ತುಂಡೂ ಬಂತು. ಬಿದ್ದ ತುಂಡನ್ನು ತಿರುಗಿಸಿ ಕಡ್ಡಿಯಿಂದ ಒತ್ತಿದೆ. ಹೊರಗೆ ಕಲ್ಲು, ಒಳಗೆ ನಾದಿದ ಹಿಟ್ಟು.

ಸಂಶಯ ಲೈಟಿನ ಮೇಲೆ ಹೋಯಿತು. ಗಾಜಿನ ಹಲಗೆಯ ಮೇಲೆ ಕಾಳಿನಷ್ಟು ಕಾಂಪೋಸಿಟ್ ಇಟ್ಟು ಇಪ್ಪತ್ತು ಸೆಕೆಂಡು ಬೆಳಕು ಬಿಟ್ಟೆ. ಕೆಳಗಿನ ಮೈಯನ್ನು ಕೆರೆದರೆ ಬೆಣ್ಣೆ. ನಲವತ್ತು ಸೆಕೆಂಡು ಬಿಟ್ಟೆ. ಬೆಣ್ಣೆಯೇ. ಲೈಟಿನ ತುದಿಯನ್ನು ಕಿಟಕಿಗೆ ಹಿಡಿದು ನೋಡಿದೆ. ಯಾವ ಕಾಲದ್ದೋ ಕಾಂಪೋಸಿಟ್ ಅದರ ಗಾಜಿಗೆ ಹಕ್ಕಳೆ ಕಟ್ಟಿತ್ತು. ಅದನ್ನು ಕೆರೆದು ತೆಗೆದರೂ ಬೆಳಕು ಸುಧಾರಿಸಲಿಲ್ಲ. ನೀಲಿಯಾಗಿ ಉರಿಯುತ್ತಿತ್ತು, ಬೀಪ್ ಎನ್ನುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ನಮ್ಮ ಸಂಸ್ಥೆಗೆ ಹೇಳಿ ಮಾಡಿಸಿದ ಲೈಟು.

ಶಿಕಾರಿಪುರಕ್ಕೆ ಫೋನು ಮಾಡಿದೆ. ಅಲ್ಲಿ ಹೊಸ ಲೈಟು ಎರಡಿದ್ದವು.

"ಏನ್ರೀ, ಆ ಲೈಟಿಗೇನಾಗಿದೆ? ನೀಲಿ ಬೆಳಕು ಬರ್ತದೋ ಇಲ್ಲೋ?" ಎಂದು ಕೇಳಿದರು ಹಿರಿಯ ಡಾಕ್ಟರು.

"ಬರ್ತದೆ ಸರ್. ಆದ್ರೆ ಒಳಗೆ ಗಟ್ಟಿ ಆಗ್ತಿಲ್ಲ. ಒಂದು ಲೈಟನ್ನ ಬಸ್ಸಲ್ಲಿ ಕಳಿಸಿದ್ರೆ..."

"ಸೊರಬಕ್ಕೆ ಅದು ಸಾಕು ಬಿಡ್ರಿ. ಅಷ್ಟಕ್ಕೂ ನಾನು ಚೀಟಿ ಬರೆದು ಕೊಟ್ಟಿದ್ದೆನಲ್ಲ? ಕೀಳಾಕ ಲೈಟ್ ಯಾಕೆ ಬೇಕು?"

"ಆರೂ ಹಲ್ಲು ಜೀವಂತ ಇದಾವೆ ಸರ್."

"ಇವತ್ತು ಇರ್ತಾವೆ. ಆರು ತಿಂಗಳಿಗೆ ಒಂದೊಂದಾಗಿ ನೋವು ಅಂತ ಬರ್ತಾಳೆ, ಆಗ ನಮ್ಮ ಹೆಸರು ಕೆಡ್ತದೆ. ಟೆಂಪರರಿ ಸಿಮೆಂಟ್ ಮೆತ್ತಿ ಕಳಿಸ್ರಿ. ಮುಂದಿನ ವಾರ ನಾನೇ ನೋಡ್ತೀನಿ."

ಅವರು ನೋಡುವುದು ಎಂದರೇನೆಂದು ನನಗೆ ಗೊತ್ತಿತ್ತು. ಫೋನಿಟ್ಟೆ. ಆಳವಾಗಿ ಕೆರೆದ ಗುಳಿಗಳ ತಳಕ್ಕೆ ತಾನಾಗಿಯೇ ಗಟ್ಟಿಯಾಗುವ ಸಿಮೆಂಟನ್ನು ತೆಳುವಾಗಿ ಹಚ್ಚಿದೆ. ಅದಕ್ಕೆ ಬೆಳಕು ಬೇಡ. ರಬ್ಬರ್ ಹಾಳೆ ಬಿಚ್ಚಿ ಅವಳಿಗೆ ಬಾಯಿ ಮುಚ್ಚಲು ಹೇಳಿದೆ. ಗಂಟೆ ಒಂದಾಗಿತ್ತು. ಮುಂದಿನ ಹಲ್ಲುಗಳೆಲ್ಲ ಕೊರೆದ ಸ್ಥಿತಿಯಲ್ಲಿ, ಬೆಳಿಗ್ಗೆ ಬಂದಾಗಿನದಕ್ಕಿಂತ ಕೆಟ್ಟದಾಗಿ ಕಾಣುತ್ತಿದ್ದವು. ಅವಳು ಕನ್ನಡಿ ಕೇಳಿದಳು. ನಾನು ಕೊಡಲಿಲ್ಲ.

"ಆಗದಿಲ್ವಾ ಮೇಡಂ?" ಅಂದಳು. ಮರಗಟ್ಟಿದ ತುಟಿಯಲ್ಲಿ ಮಾತು ತೊದಲುತ್ತಿತ್ತು.

"ಲೈಟು ಕೆಟ್ಟಿದೆ. ತರ್ತೀನಿ, ಇರಿ."

ಸೊರಬದಲ್ಲಿ ಅಂಥ ಲೈಟು ಇರಬಹುದಾದ ಹತ್ತಿರದ ಜಾಗ ಬಸ್ ನಿಲ್ದಾಣದ ಹಿಂದಿನ ಮಹಡಿ. ಅಲ್ಲಿ ಅರವತ್ತು ದಾಟಿದ ಒಬ್ಬ ದಂತವೈದ್ಯರಿದ್ದರು. ನಮ್ಮಲ್ಲಿ ಅವರನ್ನು ಕರೆಯುತ್ತಿದ್ದದ್ದು ಇಕ್ಕಳದ ಡಾಕ್ಟ್ರು ಎಂದು. ಆ ಹೆಸರು ಇಟ್ಟವಳು ನಾನೇ. ಅವರ ಬೋರ್ಡಿನ ಅಕ್ಷರ ಮಾಸಿತ್ತು, ಮೆಟ್ಟಿಲು ಕಡಿದಾಗಿತ್ತು, ಅಷ್ಟರಿಂದಲೇ ಅವರ ಕೆಲಸವನ್ನೂ ಅಳೆದುಬಿಟ್ಟಿದ್ದೆ. ಸೊರಬಕ್ಕೆ ಬರತೊಡಗಿದ ಎರಡು ವರ್ಷದಲ್ಲಿ ಒಂದು ಸಲವೂ ಆ ಮೆಟ್ಟಿಲು ಹತ್ತಿರಲಿಲ್ಲ. ದಾರಿಯಲ್ಲಿ ಎದುರಾದರೆ ತಲೆಯಾಡಿಸಿದಂತೆ ಮಾಡಿ ಮುಂದೆ ಹೋಗುತ್ತಿದ್ದೆ.

ಏಪ್ರನ್ನಿನಲ್ಲೇ ರಸ್ತೆ ದಾಟಿ ಹೋದೆ. ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಕೋಣೆ ಚಿಕ್ಕದು, ಆದರೆ ಉಪಕರಣಗಳೆಲ್ಲ ಕುದಿಸಿ ಪೊಟ್ಟಣ ಕಟ್ಟಿ ಜೋಡಿಸಿದ್ದವು. ನಮ್ಮ ಶಾಖೆಯಲ್ಲಿ ಅಷ್ಟು ಅಚ್ಚುಕಟ್ಟು ಇರಲಿಲ್ಲ. ಲೈಟು ಕುರ್ಚಿಯ ಪಕ್ಕದಲ್ಲೇ ಇತ್ತು. ಅದರ ತುದಿಗೆ ಹೊಸ ಪ್ಲಾಸ್ಟಿಕ್ ಕವಚ.

ವಿಷಯ ಹೇಳಿದೆ. ಅವರು ಡಬ್ಬಿ ಮುಚ್ಚಿ ಎದ್ದರು.

"ತಗೊಂಡ್ಹೋಗ್ರಿ. ಚಾರ್ಜರ್ ಸಮೇತ ಒಯ್ರಿ, ಆರು ಹಲ್ಲು ಅಂದ್ರೆ ಬ್ಯಾಟರಿ ಸಾಲೋದಿಲ್ಲ." ಆಮೇಲೆ ಕೇಳಿದರು, "ನಿಮ್ಮ ಲೈಟು ಇವತ್ತು ಕೆಟ್ಟಿದ್ದಾ?"

"ಹೌದು ಸರ್, ಇವತ್ತೇ."

"ಅಲ್ಲ," ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಿಮ್ಮಲ್ಲಿ ಹಲ್ಲು ತುಂಬಿಸ್ಕೊಂಡೋರು ಕಾಂಪೋಸಿಟ್ ಬಿದ್ದೋಯ್ತು ಅಂತ ನನ್ನ ಹತ್ರ ಬರ್ತಾರೆ. ಎರಡು ವರ್ಷ ಆಯ್ತು. ಮೇಲೆ ಗಟ್ಟಿ, ಒಳಗೆ ಮೆತ್ತಗೆ. ನಾನು ತೆಗೆದು ಬೇರೆ ಹಾಕಿ ಕಳಿಸ್ತೀನಿ."

"ನನಗೆ ಹೇಳಬಹುದಿತ್ತಲ್ಲ ಸರ್," ಅಂದೆ.

ಅವರು ನನ್ನನ್ನು ಒಮ್ಮೆ ನೋಡಿದರು. "ಕೇಳೋರ ಥರ ಕಾಣ್ಲಿಲ್ಲ ನೀವು," ಎಂದು ಲೈಟನ್ನು ಕೈಗಿಟ್ಟರು.

ವಾಪಸು ಬರುವ ದಾರಿ ಐದು ನಿಮಿಷದ್ದು. ಆ ಐದು ನಿಮಿಷದಲ್ಲಿ ಹಿರಿಯ ಡಾಕ್ಟರ ಮೇಲಿದ್ದ ನನ್ನ ಕೋಪದ ಸೊಗಸೆಲ್ಲ ಇಳಿಯಿತು. ಅವರು ಕೆಟ್ಟ ಲೈಟು ಕಳಿಸಿದ್ದು ನಿಜ. ಎರಡು ವರ್ಷ ಆ ಲೈಟನ್ನು ಹಿಡಿದ ಕೈ ನನ್ನದು. ಗಾಜಿನ ಮೇಲೆ ಕಾಳಿನಷ್ಟು ಕಾಂಪೋಸಿಟ್ ಇಟ್ಟು ನೋಡಲು ಅರ್ಧ ನಿಮಿಷ ಸಾಕು, ಒಂದು ದಿನವೂ ನೋಡಿರಲಿಲ್ಲ. ಸ್ಪ್ರೇ ಡಬ್ಬಿಗೆ ಕೈ ಚಾಚದ ಅವರಿಗೂ ನನಗೂ ಏನು ವ್ಯತ್ಯಾಸ? ತುಂಬಿಸಿದ್ದು ಬಿದ್ದರೆ ರೋಗಿಗಳೇ ಕಾರಣವೆಂದು ನಂಬಿದ್ದೆ. ನಮ್ಮ ವೃತ್ತಿಯಲ್ಲಿ ಈ ನಂಬಿಕೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ.

ಕೋಣೆಗೆ ಬಂದವಳೇ ಗಾಜಿನ ಹಲಗೆಯ ಪರೀಕ್ಷೆ ಮಾಡಿದೆ. ಇಪ್ಪತ್ತು ಸೆಕೆಂಡಿಗೆ ಕೆಳಗಿನ ಮೈಯೂ ಕಲ್ಲಾಗಿತ್ತು. ಮತ್ತೊಂದು ಇಂಜೆಕ್ಷನ್ ಕೊಟ್ಟು, ಹಾಳೆ ಹೊದಿಸಿ, ಎರಡು ಗಂಟೆಗೆ ಮೂರನೇ ಸಲ ಅದೇ ನಡುಹಲ್ಲನ್ನು ಹಿಡಿದೆ. ಡಿಸ್ಕ್ ತಾಗಿಸಿದೆ. ತುಂಡು ಕದಲಲಿಲ್ಲ.

ಆಮೇಲೆ ಗಡಿಯಾರದ ಜೊತೆ ಓಟ. ಎರಡು ನಡುಹಲ್ಲು ಒಂದಕ್ಕೊಂದು ಅಳತೆಯಾಗಬೇಕು, ಅಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಅವಕ್ಕೆ ಹೊತ್ತು ಕೊಟ್ಟೆ. ಕೋರೆಹಲ್ಲುಗಳಲ್ಲಿ ಸಣ್ಣ ಗುಳಿಗಳು ಮಾತ್ರ, ಅವು ಬೇಗ ಮುಗಿದವು. ಎಡಗಡೆಯ ಸುಸ್ತಾದ ಹಲ್ಲನ್ನು ಕೊನೆಗಿಟ್ಟುಕೊಂಡೆ. ಸಿಮೆಂಟಿನ ಮೇಲೆ ಅಂಚಿನವರೆಗೂ ಅಂಟು ಸವರಿ, ಪದರಕ್ಕೆ ಪದರ ಕಟ್ಟಿ, ಎಲ್ಲ ಕಡೆಯಿಂದಲೂ ಬೆಳಕು ಹಿಡಿದೆ. ಮೆರುಗು ಕೊಡಲು ಸಮಯವಿದ್ದದ್ದು ಹದಿನೈದು ನಿಮಿಷ. ಕಂಪನಿಯ ಪೋಸ್ಟರಿನ ಬಾಯಿಯಂತೆ ಆಗಲಿಲ್ಲ. ಬಲಗಡೆ ಒಂದು ಹಲ್ಲಿನ ಬಣ್ಣ ತುಸು ಬೆಳ್ಳಗಾಯಿತು. ಹಲ್ಲು ಹಲ್ಲಿನ ಹಾಗೆ ಕಾಣುತ್ತಿತ್ತು.

ನಾಲ್ಕೂಮುಕ್ಕಾಲಿಗೆ ಕನ್ನಡಿ ಕೊಟ್ಟೆ. ಅವಳು ನಗಲಿಲ್ಲ. ನಾಲಗೆಯಿಂದ ಆರೂ ಹಲ್ಲನ್ನು ಹಿಂದಿನಿಂದ ಮುಟ್ಟಿ ನೋಡಿದಳು. ಆಮೇಲೆ ಕನ್ನಡಿ ಇಳಿಸಿ ಸಹಾಯಕಿಯ ಕಡೆ ತಿರುಗಿ, "ಅಕ್ಕ, ಎಣ್ಣೆ ಕಾಡಿಗೆ ಹೋಗೋಕ್ ಮುಂಚೆ ಹಚ್ಕಳದು. ಬಂದ್ ಮೇಲೆ ಅಲ್ಲ. ಜ್ವರ ಬಂದ್ ಮೇಲಂತೂ ಅಲ್ಲವೇ ಅಲ್ಲ," ಎಂದಳು. ತುಟಿ ಇನ್ನೂ ಅರ್ಧ ಮರಗಟ್ಟಿತ್ತು. ಆದರೂ ಎಲ್ಲ ಅಕ್ಷರವೂ ತಿಳಿಯಿತು. ಸೆರಗು ಹೆಗಲ ಮೇಲಿತ್ತು.

"ಚಾ ಕುಡಿದ ಮೇಲೆ ಒಂದು ಗುಟುಕು ನೀರು ಬಾಯಿಗೆ ಹಾಕಿ ಮುಕ್ಕಳಿಸಿ," ಅಂದೆ. ಚಾ ಬಿಡಿ ಎನ್ನುವ ಧೈರ್ಯ ನನಗಿರಲಿಲ್ಲ. ಅವಳು ತಲೆಯಾಡಿಸಿ ಬಸ್ಸಿಗೆ ಓಡಿದಳು.

ಲೈಟನ್ನು ವಾಪಸು ಕೊಡಲು ಹೋದಾಗ ಮಹಡಿಯ ಡಾಕ್ಟರು ಹಲ್ಲು ಹೇಗೆ ಬಂದವೆಂದು ಕೇಳಿದರು. ಆಳದ ಹಲ್ಲಿನಲ್ಲಿ ಚಕ್ಕಳದ ಪದರ ಬಿಟ್ಟದ್ದನ್ನು ಹೇಳಿದೆ. "ಬಿಟ್ಟದ್ದು ಸರಿ. ಆದ್ರೂ ಅದು ಉಳಿಯೋದು ಅನುಮಾನ," ಎಂದರು.

ಅವರು ಹೇಳಿದಂತೆಯೇ ಆಯಿತು. ಐದನೇ ತಿಂಗಳಿಗೆ ಎಡಗಡೆಯ ಆ ಹಲ್ಲು ನೋವೆಂದು ಅವಳು ಬಂದಳು. ನರ ಸತ್ತಿತ್ತು. ಹಲ್ಲಿನ ಹಿಂಬದಿಯಿಂದ ದಾರಿ ಮಾಡಿ ರೂಟ್ ಕೆನಾಲ್ ಮಾಡಿದೆ. ಉಳಿದ ಐದೂ ನೆಟ್ಟಗಿದ್ದವು, ತಣ್ಣನೆಯ ಹತ್ತಿಗೆ ಚುರುಕ್ ಎನ್ನುತ್ತಿದ್ದವು. ಸುದ್ದಿ ಶಿಕಾರಿಪುರಕ್ಕೂ ಮುಟ್ಟಿತು. ಹಿರಿಯ ಡಾಕ್ಟರು ಎಲ್ಲರೆದುರು, "ನಾ ಹೇಳಿರ್ಲಿಲ್ವಾ?" ಎಂದರು. ಆರು ಹೇಳಿದ್ದಿರಿ ಸರ್, ಒಂದು ಹೋಯ್ತು, ಅದೂ ಬಾಯಲ್ಲೇ ಇದೆ ಎಂದೆ. ಅವರಿಗೆ ಲೆಕ್ಕ ಅರ್ಥವಾಗಲಿಲ್ಲ, ಅಥವಾ ಬೇಕಾಗಲಿಲ್ಲ. ಅಷ್ಟರಲ್ಲಾಗಲೇ ಸೊರಬಕ್ಕೆ ನಾನೇ ಒಂದು ಲೈಟು ತಂದಿಟ್ಟಿದ್ದೆ. ಹಳೆಯದನ್ನು ಅವರ ಮೇಜಿನ ಮೇಲೆ, ಪೋಸ್ಟರಿನ ಕೆಳಗೆ ಬಿಟ್ಟು ಬಂದಿದ್ದೆ.

ಆದರೆ ಆ ದಿನಗಳ ನಿಜವಾದ ಕೆಲಸ ಬೇರೆಯೇ ಇತ್ತು. ಅವಳ ಆರು ಹಲ್ಲು ಮುಗಿಸಿದ ಮುಂದಿನ ವಾರದಿಂದಲೇ ಸೊರಬದ ರಿಜಿಸ್ಟರು ತೆಗೆದು, ಎರಡು ವರ್ಷದಲ್ಲಿ ಆ ಲೈಟಿನಿಂದ ಹಲ್ಲು ತುಂಬಿಸಿಕೊಂಡವರಿಗೆಲ್ಲ ಫೋನು ಮಾಡತೊಡಗಿದ್ದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಇಷ್ಟಿಷ್ಟು. ಕೆಲವರ ನಂಬರು ಬದಲಾಗಿತ್ತು. ಕೆಲವರು ಆಫರ್ ಏನಾದರೂ ಇದೆಯಾ ಎಂದು ಕೇಳಿದರು. ಹಲವರು ಮಹಡಿಯ ಡಾಕ್ಟರ ಹತ್ತಿರ ಸರಿ ಮಾಡಿಸಿಕೊಂಡಾಗಿತ್ತು. ಹೇಳಲು ಸಂಕೋಚಪಟ್ಟು ಹೇಳಿದರು.

ಒಬ್ಬ ರೈತ, ಕುಬಟೂರಿನ ಕಡೆಯವನು. ಅವನ ದವಡೆ ಹಲ್ಲನ್ನು ಎರಡು ಸಲ ತುಂಬಿಸಿದ್ದೆ ಎಂದು ರಿಜಿಸ್ಟರು ಹೇಳುತ್ತಿತ್ತು. ಫೋನೆತ್ತಿದ. ಯಾರೆಂದು ಹೇಳಿ, ಹಲ್ಲು ಹೇಗಿದೆ ಎಂದು ಕೇಳಿದೆ.

"ಬಿದ್ದೋಯ್ತು ಮೇಡಂ," ಎಂದ. ಆಮೇಲೆ ನಾನು ಬಾಯಿ ಬಿಡುವ ಮೊದಲೇ, "ತಪ್ಪು ನಂದೇ ಬಿಡ್ರಿ. ಗಟ್ಟಿ ಏನೂ ಕಡೀಬೇಡ ಅಂತ ನೀವು ಬಯ್ದು ಹೇಳಿದ್ರಿ. ಹಬ್ಬದಲ್ಲಿ ಚಕ್ಲಿ ತಿಂದ್ಬಿಟ್ಟೆ. ಅದ್ಕೇ ನಿಮ್ಮ ಹತ್ರ ಬರಾಕೆ ನಾಚಿಕೆ ಆಯ್ತು. ಈಗ ಆ ಕಡೆ ಕಡಿಯೋದೇ ಬಿಟ್ಟೀನಿ."

ಬಯ್ದದ್ದು ನನಗೆ ನೆನಪಿರಲಿಲ್ಲ. ಬಯ್ದಿರಲೇಬೇಕು.

"ಚಕ್ಲಿಯಿಂದ ಬಿದ್ದಿದ್ದಲ್ಲ ಅದು," ಅಂದೆ. "ನಾನು ಸರಿಯಾಗಿ ಹಾಕಿರ್ಲಿಲ್ಲ. ಎರಡು ಸಲವೂ."

ಆ ಕಡೆ ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು.

"ಹಂಗಾದ್ರೆ ಯಾವಾಗ ಬರ್ಲಿ?" ಎಂದು ಕೇಳಿದ.